ಊರಿನ ಸರಾಸರಿ ಚೆನ್ನಾಗಿದೆ, ಕಾಲನಿಯ ಮಕ್ಕಳು ಯಾಕೆ ಸೊರಗಿದ್ದಾರೆ?

ಪ್ರಶ್ನೆ: ನಾನು ಕಾರ್ಕಳ ತಾಲೂಕಿನಲ್ಲಿ ಘಟ್ಟದ ಬುಡದ ಒಂದು ಗ್ರಾಮ ಪಂಚಾಯತ್‌ನ ಸದಸ್ಯೆ. ನಮ್ಮಲ್ಲಿ ಬಿಲ್ಲವರು, ಬಂಟರು, ಕುಲಾಲರು, ಬ್ಯಾರಿಗಳು, ಕೊಂಕಣಿ ಮಾತಾಡುವ ಕ್ರೈಸ್ತರು, ಮರಾಟಿ ನಾಯ್ಕರು, ಮಲೆಕುಡಿಯರು, ಕೊರಗರು ಇದ್ದಾರೆ. ಈಗ ಕಲ್ಲಿನ ಕೋರೆಗೆ ಬಂದ ಉತ್ತರ ಕರ್ನಾಟಕದವರು, ಒಡಿಶಾದವರೂ ಸೇರಿದ್ದಾರೆ. ತಾಲೂಕಿನ ವರದಿಯಲ್ಲಿ ನಮ್ಮ ಅಂಕಿಗಳು ಚೆನ್ನಾಗಿವೆ. ಆದರೆ ಕೊರಗರ ಕಾಲನಿಯ ಮಕ್ಕಳು ಸೊರಗಿರುವುದು ಕಣ್ಣಿಗೇ ಕಾಣುತ್ತದೆ. ಸಭೆಯಲ್ಲಿ ಕೇಳಿದರೆ "ಇಷ್ಟು ಜಾತಿ, ಇಷ್ಟು ಭಾಷೆ ಇರುವಲ್ಲಿ ಯಾವ ಆರೋಗ್ಯ ಕಾರ್ಯಕ್ರಮವೂ ಹಿಡಿಯುವುದಿಲ್ಲ" ಎಂದರು. ವೈವಿಧ್ಯವೇ ಕಾರಣವೇ? ಪಂಚಾಯತ್ ಮಟ್ಟದಲ್ಲಿ ಒಂದು ವರ್ಷದಲ್ಲಿ ಏನು ಮಾಡಬಹುದು?

ಉತ್ತರ: ವೈವಿಧ್ಯ ಕಾರಣ ಅಲ್ಲ. ಸಭೆಯಲ್ಲಿ ಕೇಳಿಬಂದ ಮಾತಿಗೆ ವಿದ್ವತ್ತಿನ ಬೆಂಬಲ ಇಲ್ಲವೆಂದಲ್ಲ. 1997ರಲ್ಲಿ ಈಸ್ಟರ್ಲಿ ಮತ್ತು ಲೆವಿನ್ ಎಂಬ ಅರ್ಥಶಾಸ್ತ್ರಜ್ಞರು ಆಫ್ರಿಕಾದ ದೇಶಗಳ ಅಂಕಿ ಇಟ್ಟುಕೊಂಡು, ಜನಾಂಗಗಳು ಹೆಚ್ಚು ಹಂಚಿಹೋದಲ್ಲಿ ಶಾಲೆ, ರಸ್ತೆಯಂಥ ಸಾರ್ವಜನಿಕ ಸೌಲಭ್ಯ ಹಿಂದೆ ಬೀಳುತ್ತದೆ ಎಂದು ವಾದಿಸಿದರು. ಅವರ ಅಳತೆಗೋಲು ಬಹಳ ಸರಳ: ಊರಿನಲ್ಲಿ ಯಾರೋ ಇಬ್ಬರನ್ನು ಹಾಗೇ ಆರಿಸಿದರೆ ಅವರು ಬೇರೆ ಬೇರೆ ಗುಂಪಿನವರಾಗಿರುವ ಸಾಧ್ಯತೆ ಎಷ್ಟು? ತಲಾ ನೂರಕ್ಕೆ 20 ಪಾಲಿನ ಐದು ಗುಂಪುಗಳಿದ್ದರೆ ಉತ್ತರ 0.80. ಈಗ ಇಂಥ ಎರಡು ಊರು ತೆಗೆದುಕೊಳ್ಳಿ. ಒಂದರಲ್ಲಿ ಐದೂ ಗುಂಪಿಗೆ ಹೆಚ್ಚುಕಡಿಮೆ ಸಮನಾದ ಜಮೀನು. ಇನ್ನೊಂದರಲ್ಲಿ ಮೇಲಿನವರಿಗೆ ತೋಟ, ಕೆಳಗಿನವರಿಗೆ ನಿಂತ ನೆಲವೂ ಸ್ವಂತದ್ದಲ್ಲ. ಅಳತೆಗೋಲು ಎರಡಕ್ಕೂ 0.80 ಎಂದೇ ಹೇಳುತ್ತದೆ. 2010ರಲ್ಲಿ ಬಾಲ್ಡ್‌ವಿನ್ ಮತ್ತು ಹ್ಯೂಬರ್ ಈ ಕೊರತೆಯನ್ನೇ ಹಿಡಿದರು. ಎಷ್ಟು ಗುಂಪುಗಳಿವೆ ಎಂಬುದಕ್ಕಿಂತ ಗುಂಪುಗಳ ನಡುವೆ ಆದಾಯದ ಅಂತರ ಎಷ್ಟಿದೆ ಎಂಬುದೇ ಸಾರ್ವಜನಿಕ ಸೌಲಭ್ಯವನ್ನು ಹೆಚ್ಚು ಕುಗ್ಗಿಸುತ್ತದೆ ಎಂಬುದು ಅವರ ಲೆಕ್ಕದಿಂದ ಹೊರಟ ಉತ್ತರ.

ನಮ್ಮ ಕರಾವಳಿಯನ್ನೇ ನೋಡಿ. ಒಂದೇ ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಕೇಳಿಸುವ ಜಿಲ್ಲೆಗಳು ಇವು. ಸಾಕ್ಷರತೆಯಲ್ಲಿ, ಆಸ್ಪತ್ರೆ ಹೆರಿಗೆಯಲ್ಲಿ ರಾಜ್ಯದ ಮುಂದಿನ ಸಾಲಿನಲ್ಲಿರುವವೂ ಇವೇ. ಇಲ್ಲಿ ಒಂದೊಂದು ಸಮುದಾಯವೂ ಕಟ್ಟಿದ್ದನ್ನು ಉಳಿದೆಲ್ಲರೂ ಬಳಸಿದ್ದಾರೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಔಷಧಾಲಯ ದೊಡ್ಡ ಆಸ್ಪತ್ರೆಯಾಯಿತು. 1953ರಲ್ಲಿ ಮಣಿಪಾಲದ ಮೆಡಿಕಲ್ ಕಾಲೇಜು ಬಂತು. ಉಡುಪಿಯ ಸರಕಾರಿ ಹೆರಿಗೆ ಆಸ್ಪತ್ರೆ ನಿಂತದ್ದು ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗದಲ್ಲಿ. ಆದರೆ ಆಸ್ಪತ್ರೆ ಕಟ್ಟಲು ಬಂಡವಾಳ ಬೇಕು, ಜಮೀನು ಬೇಕು. ಅದು ಯಾರ ಕೈಯಲ್ಲಿ ಇರಲಿಲ್ಲವೋ ಅವರೇ ಇವತ್ತಿಗೂ ನಿಮ್ಮ ಕಾಲನಿಯಲ್ಲಿದ್ದಾರೆ.

ಇದಕ್ಕೆ ಕಾರಣ ಹುಡುಕಲು ಬಹಳ ಹಿಂದೆ ಹೋಗಬೇಕಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಕರಾವಳಿಯ ಸಾವಿರಾರು ಗೇಣಿದಾರ ಕುಟುಂಬಗಳು ಡಿಕ್ಲರೇಷನ್ (ತಾವು ಉಳುವ ಭೂಮಿಯ ಹಕ್ಕು ಕೋರುವ ಅರ್ಜಿ) ಹಾಕಿ ಭೂಮಾಲಕರಾದವು. ಎರಡು ತಲೆಮಾರಿನಲ್ಲಿ ಆ ಮನೆಗಳ ಊಟ, ಓದು, ಆರೋಗ್ಯ ಎಲ್ಲವೂ ಮೇಲೆ ಬಂದವು. ಕೊರಗರಲ್ಲಿ ಹೆಚ್ಚಿನವರು ಗೇಣಿದಾರರೇ ಆಗಿರಲಿಲ್ಲ. ಬುಟ್ಟಿ ಹೆಣೆಯುತ್ತ, ಕೂಲಿ ಮಾಡುತ್ತ ಯಾರದೋ ಜಾಗದ ಅಂಚಿನ ಕೊಪ್ಪದಲ್ಲಿದ್ದವರಿಗೆ ಡಿಕ್ಲರೇಷನ್ ಹಾಕಲು ಏನೂ ಇರಲಿಲ್ಲ. ಗೇಣಿ ಇದ್ದವರಿಗೆ ಭೂಮಿ ಸಿಕ್ಕಿತು, ಗೇಣಿಯೂ ಇಲ್ಲದವರು ಹಾಗೇ ಉಳಿದರು. 1990ರ ದಶಕದಲ್ಲಿ ಡಾ. ಮಹಮ್ಮದ್ ಪೀರ್ ವರದಿ ಕೊರಗರಿಗೆ ಭೂಮಿ ಕೊಡಬೇಕೆಂದು ಹೇಳಿದ್ದು ಈ ಕಾರಣಕ್ಕೇ.

ಇನ್ನೊಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಅಜಲು ಪದ್ಧತಿಯಲ್ಲಿ ಮನೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುತ್ತಿದ್ದರು, ತಮ್ಮ ಮನೆಯ ಕೇಡು ಅವರಿಗೆ ದಾಟಿಹೋಗಲಿ ಎಂದು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಈಗ ಕಾಲನಿಯಲ್ಲಿರುವ ಅಜ್ಜಿಯರಿಗೆ ಅದು ಓದಿ ತಿಳಿದ ಚರಿತ್ರೆ ಅಲ್ಲ. ಊರಿನ ರೋಗವನ್ನು ಹೊರಲು ಕರೆಸಿಕೊಳ್ಳುತ್ತಿದ್ದ ಜನರ ಬಳಿ ಈಗ ನಾವು ಬಿಳಿ ಕೋಟು ಹಾಕಿಕೊಂಡು ಹೋಗಿ "ರಕ್ತ ಕೊಡಿ, ಪರೀಕ್ಷೆ ಮಾಡುತ್ತೇವೆ" ಎನ್ನುತ್ತೇವೆ. ಅವರು ಹಿಂದೆ ಸರಿದರೆ ಅದನ್ನು ಅಜ್ಞಾನ ಎನ್ನಬೇಡಿ.

ಸರಾಸರಿ ಹೇಗೆ ಮರೆಮಾಚುತ್ತದೆ

ಒಂದು ಕಲ್ಪಿತ ಲೆಕ್ಕ. ಪಂಚಾಯತ್‌ನಲ್ಲಿ ಐದು ವರ್ಷದೊಳಗಿನ 400 ಮಕ್ಕಳು, ಅವರಲ್ಲಿ 30 ಮಂದಿ ಕಾಲನಿಯವರು. ಕಾಲನಿಯ 12 ಮಕ್ಕಳ ತೂಕ ಕಡಿಮೆ, ಅಂದರೆ ನೂರಕ್ಕೆ 40. ಉಳಿದ 370ರಲ್ಲಿ 37, ಅಂದರೆ ನೂರಕ್ಕೆ 10. ಒಟ್ಟು ಸೇರಿಸಿದರೆ 400ಕ್ಕೆ 49, ಸುಮಾರು ನೂರಕ್ಕೆ 12. ತಾಲೂಕಿಗೆ ಹೋಗುವುದು ಈ 12 ಮಾತ್ರ. ಕಾಲನಿಯ ಮಕ್ಕಳಲ್ಲಿ ಅರ್ಧದಷ್ಟು ಅಂಗನವಾಡಿಯ ಪಟ್ಟಿಯಲ್ಲೇ ಇಲ್ಲದಿದ್ದರೆ ಆ ಅಂಕಿ ಇನ್ನೂ ಚೆಂದ ಕಾಣುತ್ತದೆ. ಹೊರಗುಳಿದವರು ಹೆಚ್ಚಿದಷ್ಟೂ ವರದಿ ಉತ್ತಮವಾಗುವುದೇ ಈ ವ್ಯವಸ್ಥೆಯ ದೊಡ್ಡ ದೋಷ.

ಆದ್ದರಿಂದ ಮೊದಲ ಕೆಲಸ ಯಾವ ಕಾರ್ಯಕ್ರಮವೂ ಅಲ್ಲ, ಪಟ್ಟಿ. ಮಳೆ ಹಿಡಿಯುವ ಮೊದಲು, ಏಪ್ರಿಲ್ ಮುಗಿಯುವುದರೊಳಗೆ ಮಾಡಿ. ಆಶಾ ಕಾರ್ಯಕರ್ತೆಯ ಮನೆಪಟ್ಟಿ, ಅಂಗನವಾಡಿಯ ದಾಖಲೆ, ಪಂಚಾಯತ್‌ನ ಮನೆ ತೆರಿಗೆ ಪುಸ್ತಕ, ನ್ಯಾಯಬೆಲೆ ಅಂಗಡಿಯ ಕಾರ್ಡಿನ ಪಟ್ಟಿ, ಈ ನಾಲ್ಕನ್ನೂ ಒಂದು ಮೇಜಿನ ಮೇಲೆ ಇಟ್ಟು ಹೋಲಿಸಿ. ನಾಲ್ಕರಲ್ಲೂ ಇರುವ ಮನೆಯ ಬಗ್ಗೆ ಸದ್ಯಕ್ಕೆ ಚಿಂತೆ ಬೇಡ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಮನೆಗಳೇ ನಿಮ್ಮ ಕೆಲಸದ ಜಾಗ. ನಾಲ್ಕರಲ್ಲೂ ಇಲ್ಲದ ಮನೆಗಳೂ ಇರುತ್ತವೆ. ಕೋರೆಯ ಶೆಡ್ಡು, ರಬ್ಬರ್ ತೋಟದ ಲೈನು, ತೋಟದ ಮೂಲೆಯ ಕೆಲಸದಾಳಿನ ಬಿಡಾರ. ಅವು ಕಾಗದದಲ್ಲಿ ಸಿಗುವುದಿಲ್ಲ, ನಡೆದೇ ಹೋಗಬೇಕು.

ತುಳುನಾಡಿನಲ್ಲಿ ಬಯಲುಸೀಮೆಯ ಹಾಗೆ ಕೇರಿ ಕೇರಿಯಾಗಿ ಊರು ಕಟ್ಟಿಲ್ಲ. ಒಂದೊಂದು ಗುಡ್ಡೆಗೆ, ಬೈಲಿಗೆ ಒಂದೆರಡು ಮನೆ. ಹಾಗಾಗಿ ಪಟ್ಟಿಯಲ್ಲಿ ಸಮುದಾಯದ ಪಕ್ಕದಲ್ಲೇ ಇನ್ನೊಂದು ಅಂಕಣ ಇರಲಿ: ಮಳೆಗಾಲದಲ್ಲಿ ಆ ಮನೆಯಿಂದ ವಾಹನ ಸಿಗುವ ರಸ್ತೆಗೆ ನಡೆದರೆ ಎಷ್ಟು ನಿಮಿಷ? ಕಿಲೋಮೀಟರ್ ಬರೆಯಬೇಡಿ. ಬೇಸಗೆಯಲ್ಲಿ ಹತ್ತು ನಿಮಿಷದ ದಾರಿ ಜುಲೈಯಲ್ಲಿ ಕಾಲುಸಂಕ (ತೋಡು ದಾಟುವ ಕಿರುಸೇತುವೆ) ಮುಳುಗಿದರೆ ಒಂದು ಗಂಟೆಯ ಸುತ್ತು. ಈ ಅಂಕಣ ತುಂಬಿದ ಮೇಲೆ "ಮಲೆಕುಡಿಯರು ಲಸಿಕೆಗೆ ಬರುವುದಿಲ್ಲ" ಎಂಬ ಮಾತು ಎಷ್ಟೋ ಸಲ "ಸಂಕದ ಆಚೆಯ ಏಳು ಮನೆಯವರು ಬರಲು ಆಗುವುದಿಲ್ಲ" ಎಂದಾಗುತ್ತದೆ. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಸಂಕ ಕಟ್ಟಬಹುದು.

ಸಣ್ಣ ಸಂಖ್ಯೆಯ ಬಗ್ಗೆಯೂ ಎಚ್ಚರ ಬೇಕು. 30 ಮಕ್ಕಳಲ್ಲಿ ಮೂವರು ಹೆಚ್ಚುಕಡಿಮೆಯಾದರೆ ಶೇಕಡಾವಾರು ಹತ್ತು ಅಂಶ ಏರಿಳಿಯುತ್ತದೆ. "ಕಳೆದ ವರ್ಷ 40 ಇತ್ತು, ಈಗ 30, ಭಾರೀ ಸುಧಾರಣೆ" ಎಂದು ಫ್ಲೆಕ್ಸ್ ಹಾಕುವ ಮೊದಲು ಯೋಚಿಸಿ. ಇಷ್ಟು ಚಿಕ್ಕ ಗುಂಪಿನಲ್ಲಿ ಶೇಕಡಾ ಬಿಟ್ಟು ಹೆಸರು ಹಿಡಿದು ಲೆಕ್ಕ ಇಡಿ: ಈ ಹನ್ನೆರಡು ಮಕ್ಕಳಲ್ಲಿ ಎಷ್ಟು ಮಂದಿ ಮೇಲೆ ಬಂದರು, ಹೊಸದಾಗಿ ಯಾರು ಕೆಳಗೆ ಬಿದ್ದರು? ತಾಯಿ ಮರಣದಂಥ ಅಪರೂಪದ ಘಟನೆ ಪಂಚಾಯತ್ ಮಟ್ಟದ ಅಳತೆಗೆ ಬರುವುದಿಲ್ಲ. ಐದು ವರ್ಷ ಸೊನ್ನೆ ಇದ್ದರೂ ಅದು ಸುರಕ್ಷತೆಯ ಸಾಕ್ಷಿ ಅಲ್ಲ. ಅದರ ಬದಲು ತಾಯಿ ಕಾರ್ಡ್ 12 ವಾರದೊಳಗೆ ಆಯಿತೇ, ಕನಿಷ್ಠ ನಾಲ್ಕು ತಪಾಸಣೆ ಆಯಿತೇ, ಮಗು ಹುಟ್ಟುವಾಗ 2.5 ಕೆ.ಜಿ.ಗಿಂತ ಕಡಿಮೆ ಇತ್ತೇ ಎಂದು ನೋಡಿ.

ಸಮುದಾಯದ ವ್ಯತ್ಯಾಸ ನಿಜವಾಗಿ ಎಲ್ಲಿ ಮುಖ್ಯ

ಗುಂಪುಗಳ ನಡುವೆ ಆರೋಗ್ಯದ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ಬಹುಪಾಲು ಬರುವುದು ಕೆಲಸದಿಂದ ಮತ್ತು ಜಾಗದಿಂದ.

ಬೀಡಿ ಕಟ್ಟುವ ಮನೆಗಳನ್ನು ನೋಡಿ. ಬಿಲ್ಲವ, ಬ್ಯಾರಿ, ಕುಲಾಲ ಯಾರೇ ಇರಲಿ, ದಿನವಿಡೀ ಬಾಗಿ ಕೂತ ಬೆನ್ನು, ಹೊಗೆಸೊಪ್ಪಿನ ಪುಡಿಯ ಕೆಮ್ಮು ಒಂದೇ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ಎಲ್ಲರ ಕೈಯನ್ನೂ ಸುಡುತ್ತದೆ. ಕಾಡಿನಂಚಿನಲ್ಲಿ ತರಗೆಲೆ, ಸೌದೆ ತರುವವರಿಗೆ ಉಣ್ಣಿ ಕಚ್ಚುತ್ತದೆ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾಗಿ, 1982–83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಕಾಡಿನ ನಂಟಿನಿಂದ. ಅದೇ ಭಾಗದ ಕೊಕ್ಕಡದ ಸುತ್ತ ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ಕೂಡ ಕೆಳಗಿನ ಮನೆ ಯಾರದೆಂದು ನೋಡಿ ಬೀಳಲಿಲ್ಲ. ಪಟ್ಟಿಯಲ್ಲಿ ಜಾತಿ ಬರೆದು ಕೆಲಸ ಬರೆಯದೆ ಬಿಟ್ಟರೆ ಕೆಲಸದ ರೋಗಕ್ಕೆ ಜಾತಿಯ ಹೆಸರು ಬೀಳುತ್ತದೆ. ಇದು ಬಹಳ ಸಾಮಾನ್ಯವಾದ ತಪ್ಪು.

ಭಾಷೆ ನೇರವಾಗಿಯೇ ಮುಖ್ಯ. ನಮ್ಮ ಕರಪತ್ರಗಳೆಲ್ಲ ಪುಸ್ತಕದ ಕನ್ನಡದಲ್ಲಿ. "ನಿಮಗೆ ರಕ್ತಹೀನತೆಯ ಲಕ್ಷಣಗಳಿವೆಯೇ?" ಎಂದರೆ ಇಲ್ಲ ಎಂದೇ ಉತ್ತರ ಬರುತ್ತದೆ. ತುಳುವಿನಲ್ಲಿ "ಬಚ್ಚುಂಡಾ?" (ಆಯಾಸವಾಗುತ್ತದೆಯೇ?) ಎಂದು ಕೇಳಿ, ಗುಡ್ಡ ಹತ್ತುವಾಗ, ನೀರು ಸೇದುವಾಗ ಎಷ್ಟು ಸಲ ನಿಲ್ಲುತ್ತೀರಿ ಎಂದು ಕೇಳಿ. ಮಾತು ತಾನಾಗಿ ಹೊರಡುತ್ತದೆ. ಬ್ಯಾರಿ ಮನೆಯಲ್ಲಿ, ಕೊಂಕಣಿ ಮನೆಯಲ್ಲಿ, ಮರಾಟಿ ಮನೆಯಲ್ಲಿ ಆ ಭಾಷೆಯ ಹೆಂಗಸೊಬ್ಬಳು ಜೊತೆಗಿರಲಿ. ಕೊರಗರಿಗೆ ಅವರದೇ ಭಾಷೆ ಇದೆ. ತುಳು ತಿಳಿಯುತ್ತದೆ ಎಂಬುದು ನಿಜವಾದರೂ, ಹೆಣ್ಣುಮಕ್ಕಳು ಒಳಗಿನ ಮಾತು ಹೇಳುವುದು ತಮ್ಮವರ ಬಳಿ. ಕಾಲನಿಯಲ್ಲಿ ಪಿಯುಸಿ ಓದಿದ ಹುಡುಗಿಯೊಬ್ಬಳು ಇದ್ದರೆ ಅವಳನ್ನು ಸಮಿತಿಗೆ ಸೇರಿಸಿ, ಬಂದುಹೋಗುವ ಖರ್ಚು ಕೊಡಿ. ನೂರು ಕರಪತ್ರಕ್ಕಿಂತ ಅದು ಹೆಚ್ಚು.

ಬಾಣಂತಿಯ ಪಥ್ಯ ಮನೆಯಿಂದ ಮನೆಗೆ ಬೇರೆ. ತುಳುವಿನಲ್ಲಿ ಪೆದ್ಮೆದಿ ಎನ್ನುವ ಆಕೆಗೆ ಮದ್ದು, ಲೇಹ, ಎಣ್ಣೆಸ್ನಾನ ಎಲ್ಲ ಇರುತ್ತದೆ. ಅದರ ಜೊತೆ ಕೆಲವು ಕಡೆ ಸೊಪ್ಪು ಬೇಡ, ಮೀನು ಬೇಡ, ನೀರು ಕಡಿಮೆ ಎಂಬ ಕಟ್ಟಳೆಯೂ ಇರುತ್ತದೆ. ಪಥ್ಯವನ್ನೇ ಬಿಡಿ ಎಂದರೆ ಅತ್ತೆಯೊಂದಿಗೆ ಜಗಳ, ಅಷ್ಟೇ. ಮದ್ದು ಇರಲಿ, ಜೊತೆಗೆ ಏನು ಸೇರಿಸಬಹುದು ಎಂದು ಅತ್ತೆಯನ್ನೇ ಕೇಳಿದರೆ ಮೊಟ್ಟೆಗೋ ಹುರುಳಿಗೋ ದಾರಿ ಸಿಗುತ್ತದೆ.

ಇನ್ನು ರಕ್ತದ ಆನುವಂಶಿಕ ಕಾಯಿಲೆಗಳು. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ನಿರ್ಮೂಲನ ಅಭಿಯಾನ 2023ರ ಜುಲೈ 1ರಂದು ಆರಂಭವಾಗಿದ್ದು, ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರ ತಪಾಸಣೆ ಅದರ ಗುರಿ. ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ತಕ್ಷಣ ಯಾರಿಗೂ ರೋಗಿ ಎಂಬ ಹಣೆಪಟ್ಟಿ ಹಚ್ಚಬಾರದು. ಎಚ್‌ಪಿಎಲ್‌ಸಿ ಎಂಬ ಪ್ರಯೋಗಾಲಯದ ಪರೀಕ್ಷೆಯಲ್ಲಿ ಖಚಿತವಾಗಬೇಕು. ಒಂದೇ ಜೀನ್ ಇರುವ ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಫಲಿತಾಂಶವನ್ನು ಆ ವ್ಯಕ್ತಿಗೆ ಮಾತ್ರ, ಮುಚ್ಚಿದ ಕೋಣೆಯಲ್ಲಿ ತಿಳಿಸಿ. ಕಾಲನಿಯ ಅಂಗಳದಲ್ಲಿ ಓದಿದರೆ ಒಂದು ಹುಡುಗಿಯ ಮದುವೆಯೇ ನಿಂತುಹೋಗಬಹುದು.

ವರ್ಷದ ಕೆಲಸ

ಮಕ್ಕಳಿಂದ ಆರಂಭಿಸಿ. ಹುಟ್ಟಿದ ದಿನಾಂಕ ಸರಿಯಾಗಿ ಗೊತ್ತಿಲ್ಲದ ಕಡೆ ವಯಸ್ಸಿಗೆ ತಕ್ಕ ತೂಕದ ಲೆಕ್ಕ ತಪ್ಪುತ್ತದೆ. ಅಲ್ಲಿ ತೋಳಿನ ಟೇಪು ಒಳ್ಳೆಯದು. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ಎಡತೋಳನ್ನು ಇಳಿಬಿಟ್ಟು, ಭುಜದ ತುದಿಗೂ ಮೊಣಕೈಗೂ ನಡುಮಧ್ಯದಲ್ಲಿ, ಚರ್ಮ ಒತ್ತದ ಹಾಗೆ ಟೇಪು ಸುತ್ತಿ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ (ಟೇಪಿನ ಕೆಂಪು ಪಟ್ಟಿ) ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗೆ (ಹಳದಿ ಪಟ್ಟಿ) ಮಧ್ಯಮ. ಜೊತೆಗೆ ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಮೂರು ಸೆಕೆಂಡು ಒತ್ತಿ ನೋಡಿ. ಗುಳಿ ಉಳಿದರೆ ತೂಕ ಎಷ್ಟೇ ಇರಲಿ, ಅದೇ ದಿನ ಆಸ್ಪತ್ರೆಗೆ. ಎರಡು ವರ್ಷದೊಳಗಿನವರನ್ನು ಮಲಗಿಸಿ ಉದ್ದ ಅಳೆಯಬೇಕು. ನಿಲ್ಲಿಸಿ ಅಳೆದಿದ್ದರೆ 0.7 ಸೆಂ.ಮೀ. ಕೂಡಿಸಬೇಕು. ತೂಕದ ತಕ್ಕಡಿ ಸುಳ್ಳು ಹೇಳುವುದು ಮಾಮೂಲಿ. ಐದು ಲೀಟರಿನ ಕ್ಯಾನನ್ನು ಖಾಲಿ ಇದ್ದಾಗ ಒಮ್ಮೆ, ಸರಿಯಾಗಿ ಐದು ಲೀಟರ್ ನೀರು ಹಾಕಿ ಒಮ್ಮೆ ತೂಗಿ. ವ್ಯತ್ಯಾಸ ಐದು ಕೆ.ಜಿ. ಬಾರದಿದ್ದರೆ ತಕ್ಕಡಿ ಬದಲಿಸಿ.

ಅಳತೆ ವರ್ಷಕ್ಕೆ ಎರಡು ಸಲವಾದರೂ ಆಗಲಿ, ಏಪ್ರಿಲ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ. ಇದು ಬೇರೆ ಕಡೆಯ ಕೈಪಿಡಿಯಲ್ಲಿ ಸಿಗುವ ಸಲಹೆ ಅಲ್ಲ, ನಮ್ಮ ಕರಾವಳಿಯ ಹಸಿವಿನ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಬೂತಾಯಿ ಮೀನು ಕೂಡ ಕೈಗೆ ಸಿಗುವುದಿಲ್ಲ. ಕೂಲಿ ಕೆಲಸ ಇಲ್ಲ, ಹೆಣೆದ ಬುಟ್ಟಿ ಒಣಗುವುದಿಲ್ಲ, ಸಂಕ ಮುಳುಗಿರುತ್ತದೆ. ಪಡಿತರದ ಅಕ್ಕಿ ಇರುತ್ತದೆ, ಅದರ ಜೊತೆಗೆ ಬೇಕಾದದ್ದು ಇರುವುದಿಲ್ಲ. ಏಪ್ರಿಲ್‌ನಲ್ಲಿ ಹಳದಿ ಪಟ್ಟಿಯಲ್ಲಿದ್ದ ಮಗು ಆಗಸ್ಟ್‌ಗೆ ಕೆಂಪಿಗೆ ಜಾರುವುದು ಹೀಗೆ. ಬುಡಕಟ್ಟು ಕುಟುಂಬಗಳಿಗೆ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯಿಂದ ಬರುವ ಬೇಳೆ, ಎಣ್ಣೆ, ಮೊಟ್ಟೆಯ ಪೌಷ್ಟಿಕ ಆಹಾರದ ಕಿಟ್ ಈ ತಿಂಗಳುಗಳಲ್ಲಿ ತಡವಾಗದ ಹಾಗೆ ಬುಡಕಟ್ಟು ಅಭಿವೃದ್ಧಿಯ ಐಟಿಡಿಪಿ ಕಚೇರಿಗೆ ಮೇ ತಿಂಗಳಲ್ಲೇ ಪಂಚಾಯತ್‌ನಿಂದ ಪತ್ರ ಹೋಗಲಿ. ಕಿಟ್ ರಸ್ತೆಯ ಬದಿಯಲ್ಲಿ ಇಳಿದು ಹೋದರೆ ಸಾಲದು. ಸಂಕದ ಆಚೆಯ ಮನೆಗೆ ಯಾರು ಹೊತ್ತು ತರುತ್ತಾರೆ ಎಂದು ಹೆಸರು ಹಚ್ಚಿ ಬರೆದುಕೊಳ್ಳಿ.

ತೀವ್ರ ಅಪೌಷ್ಟಿಕತೆಯ ಮಗುವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರವಾದ ಎನ್‌ಆರ್‌ಸಿಗೆ ಕಳಿಸಿದರೆ ತಾಯಿ ಎರಡು ವಾರ ಅಲ್ಲೇ ಇರಬೇಕಾಗುತ್ತದೆ. ಎಷ್ಟೋ ತಾಯಂದಿರು ಮೂರನೇ ದಿನ ಹೊರಟುಬರುತ್ತಾರೆ, ಯಾಕೆಂದರೆ ಮನೆಯಲ್ಲಿ ಇನ್ನೂ ಇಬ್ಬರು ಮಕ್ಕಳಿರುತ್ತಾರೆ. ಕಳಿಸುವ ಮೊದಲೇ ಆ ಮಕ್ಕಳ ಊಟ ಯಾರ ಮನೆಯಲ್ಲಿ ಎಂದು ಗೊತ್ತು ಮಾಡಿ. ಕೂಲಿನಷ್ಟಕ್ಕೆ ಸಿಗುವ ಭತ್ಯೆಗೆ ಬ್ಯಾಂಕ್ ಖಾತೆ ಇದೆಯೇ ನೋಡಿ.

ರಕ್ತಹೀನತೆಯಲ್ಲಿ ತಪ್ಪುಗಳು ಹೆಚ್ಚು. ಬೆರಳು ಹಿಂಡಿ ಹಿಂಡಿ ತೆಗೆದ ರಕ್ತದಲ್ಲಿ ಅಂಗಾಂಶದ ನೀರು ಬೆರೆತು ಹಿಮೋಗ್ಲೋಬಿನ್ ಸುಳ್ಳೇ ಕಡಿಮೆ ತೋರಿಸುತ್ತದೆ. ಮೊದಲ ಹನಿ ಒರೆಸಿ, ತಾನಾಗಿ ಬರುವ ಹನಿ ತೆಗೆದುಕೊಳ್ಳಬೇಕು. ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳದೆ ಆಸ್ಪತ್ರೆಗೆ. ಸಾಧಾರಣವಾಗಿ ದಿನಕ್ಕೊಂದು ಮಾತ್ರೆ, 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. 7ರಿಂದ 10.9ರ ನಡುವೆ ಇದ್ದರೆ ದಿನಕ್ಕೆ ಎರಡು. ಮಾತ್ರೆ ಸಿಕ್ಕೂ ನುಂಗದಿರುವುದಕ್ಕೆ ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು ಕಾರಣ. ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿಬಿಡಿ. ರಾತ್ರಿ ಊಟವಾದ ಮೇಲೆ ನುಂಗಲಿ, ಚಹಾಕ್ಕೂ ಮಾತ್ರೆಗೂ ಕನಿಷ್ಠ ಒಂದು ಗಂಟೆ ಅಂತರ ಇರಲಿ. ಒಂದು ತಿಂಗಳು ಸರಿಯಾಗಿ ನುಂಗಿಯೂ ಹಿಮೋಗ್ಲೋಬಿನ್ 1 ಗ್ರಾಂ ಏರದಿದ್ದರೆ ಇನ್ನಷ್ಟು ಮಾತ್ರೆ ಕೊಡುತ್ತ ಕೂರಬಾರದು. ಕೊಕ್ಕೆಹುಳ, ಸಿಕಲ್ ಸೆಲ್, ಥಲಸೇಮಿಯಾ, ದೀರ್ಘಕಾಲದ ರಕ್ತಸ್ರಾವ ಯಾವುದು ಎಂದು ಆಸ್ಪತ್ರೆಯಲ್ಲಿ ನೋಡಬೇಕು. ಒದ್ದೆ ತೋಟದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕೊಕ್ಕೆಹುಳ ಪಾದದ ಚರ್ಮದಿಂದಲೇ ಒಳಹೋಗುತ್ತದೆ. ಮಾತ್ರೆಯ ಜೊತೆ ಒಂದು ಜೊತೆ ಚಪ್ಪಲಿ ಮತ್ತು ಬಳಸುವಂಥ ಶೌಚಾಲಯವೂ ಇಲ್ಲಿ ಔಷಧಿಯೇ.

ಕ್ಷಯದ ವಿಷಯ ನಾನು ವಿಶೇಷವಾಗಿ ಹೇಳಲು ಬಯಸುತ್ತೇನೆ, ಏಕೆಂದರೆ ಬಡ ಬುಡಕಟ್ಟು ಪ್ರದೇಶದಲ್ಲಿ ಆಹಾರ ಏನು ಮಾಡಬಲ್ಲದು ಎಂಬುದಕ್ಕೆ ಗಟ್ಟಿ ಪುರಾವೆ ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದ ಅಧ್ಯಯನದಿಂದಲೇ ಬಂದಿದೆ. ನಡೆದದ್ದು ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ, ಪ್ರಕಟವಾದದ್ದು 2023ರಲ್ಲಿ. 2,800 ಕ್ಷಯರೋಗಿಗಳು, ಅವರ ಮನೆಯ 10,345 ಮಂದಿ. ರೋಗಿಗಳೆಲ್ಲರಿಗೂ ಆಹಾರದ ಬುಟ್ಟಿ ಸಿಕ್ಕಿತು. ಮನೆಯವರಲ್ಲಿ ಒಂದು ಗುಂಪಿಗೆ ಮಾತ್ರ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, 1.5 ಕೆ.ಜಿ. ಬೇಳೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸ ಕ್ಷಯ ನೂರಕ್ಕೆ 39ರಷ್ಟು ಇಳಿಯಿತು, ಕೆಮ್ಮಿನಿಂದ ಹರಡುವ ಶ್ವಾಸಕೋಶದ ಕ್ಷಯ 48ರಷ್ಟು. ನಿಮ್ಮ ಪಂಚಾಯತ್‌ಗೆ ಇದರಿಂದ ಸಿಗುವ ಪಾಠ ನೇರ: ಕಾಲನಿಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಅಕ್ಕಿಬೇಳೆ ಆ ಮನೆಯ ಎಲ್ಲರಿಗೂ ಹೋಗಬೇಕು. ರೋಗಿಗೆ ನಿಕ್ಷಯ ಪೋಷಣ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಇದೆ. ಖಾತೆಗೆ ಆಧಾರ್ ಜೋಡಣೆಯಾಗದೆ ಅದು ನಿಂತಿದೆಯೇ ಎಂದು ಮೊದಲ ತಿಂಗಳಲ್ಲೇ ನೋಡಿ. ಎರಡು ವಾರ ದಾಟಿದ ಕೆಮ್ಮು, ಕಾರಣವಿಲ್ಲದೆ ಇಳಿದ ತೂಕ, ಸಂಜೆಯ ಜ್ವರ, ಇವಿಷ್ಟು ಸಾಕು ಕಫ ಪರೀಕ್ಷೆಗೆ. "ಕುಡಿತದಿಂದ ಹಾಗಾಗಿದ್ದಾನೆ" ಎಂದು ಊರು ತೀರ್ಮಾನಿಸಿದವರಲ್ಲೇ ಕ್ಷಯ ತಡವಾಗಿ ಪತ್ತೆಯಾಗುತ್ತದೆ.

ನೀರಿನ ಮಾತು ಚಿಕ್ಕದಾಗಿ. ಮುರಕಲ್ಲಿನ ನೆಲದಲ್ಲಿ ಬಿರುಕುಗಳು ಹೆಚ್ಚು, ಶೌಚದ ಗುಂಡಿಯ ನೀರು ಬಾವಿಗೆ ಬೇಗ ತಲುಪುತ್ತದೆ. ಮೂರು ಸೆಂಟ್ಸ್ ಜಾಗದ ಕಾಲನಿಯಲ್ಲಿ ಬಾವಿಗೂ ಗುಂಡಿಗೂ 15 ಮೀಟರ್ ಅಂತರ ಸಿಗುವುದೇ ಕಷ್ಟ. ಹಾಗಿರುವಲ್ಲಿ ನಳ್ಳಿ ನೀರಿಗೆ ಆದ್ಯತೆ ಕೊಡಿ. ಅದು ಬರುವ ತನಕ ಕ್ಲೋರಿನ್ ಹಾಕಿ. ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ ಘನ ಮೀಟರ್. ಅದರ ಸಾವಿರ ಪಟ್ಟು ಲೀಟರ್. ಎರಡೂವರೆ ಮೀಟರ್ ವ್ಯಾಸ, ಮೂರು ಮೀಟರ್ ನೀರು ಇದ್ದರೆ ಸುಮಾರು 14,700 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ಅಂದರೆ ಸುಮಾರು 37 ಗ್ರಾಂ. ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಅಲ್ಲಾಡಿಸಿ. ಒಂದು ಗಂಟೆ ಸೇದಬಾರದು. ತೆರೆದಿಟ್ಟ ಚೀಲದ ಪುಡಿ ಮಳೆಗಾಲದಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಾಕಿಯೂ ಪ್ರಯೋಜನವಾಗಲಿಲ್ಲ ಎನ್ನುವುದು ಹೆಚ್ಚಾಗಿ ಇದರಿಂದ.

ಕೋರೆಯ ಶೆಡ್ಡುಗಳು

ಹೊರಗಿನಿಂದ ಬಂದವರನ್ನು "ನಮ್ಮ ಪಂಚಾಯತ್‌ನವರಲ್ಲ" ಎಂದು ಬಿಡುವಂತಿಲ್ಲ. ಜ್ವರ ಬಂದರೆ ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಆಗಲಿ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದರೆ ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಬೇಕು, ಮೂರು ದಿನದಲ್ಲಿ ಜ್ವರ ಇಳಿದ ಕೂಡಲೇ ಬಿಟ್ಟರೆ ತಿಂಗಳುಗಳ ನಂತರ ಮರುಕಳಿಸುತ್ತದೆ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಮಕ್ಕಳಿಗೆ ಅದು ಸಲ್ಲದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ರಕ್ತಕಣ ಒಡೆಯುತ್ತದೆ. ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಬರಬೇಕೆಂದು ಅವರ ಭಾಷೆಯಲ್ಲೇ ಹೇಳಿಸಿ. ಮಕ್ಕಳ ಲಸಿಕೆಗೆ ಕಾರ್ಡ್ ಇಲ್ಲ ಎಂಬುದು ನಿರಾಕರಿಸಲು ಕಾರಣ ಅಲ್ಲ. ಅವರ ಊರಿನ ಪಡಿತರ ಚೀಟಿಯಿಂದ ಇಲ್ಲಿಯೇ ಅಕ್ಕಿ ಪಡೆಯಬಹುದು ಎಂಬುದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಹಣ ಮತ್ತು ಪಟ್ಟಿಯ ಗುಟ್ಟು

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತನಿಧಿ ಇರುತ್ತದೆ. ಅದನ್ನು ಎಲ್ಲ ವಾರ್ಡಿಗೂ ಸಮವಾಗಿ ಹಂಚುವುದು ನ್ಯಾಯದಂತೆ ಕಾಣುತ್ತದೆ, ಆದರೆ ಅಂತರ ಇದ್ದ ಹಾಗೇ ಉಳಿಯುತ್ತದೆ. ಪಟ್ಟಿಯಲ್ಲಿ ಕೊನೆಗೆ ಬಿದ್ದ ಮನೆಗಳ ಸಾಗಾಟ, ಟೇಪು, ಕ್ಲೋರಿನ್‌ಗೆ ಮೊದಲು ಖರ್ಚು ಮಾಡಿ. ಕೊರಗರು ವಿಶೇಷ ದುರ್ಬಲ ಬುಡಕಟ್ಟು ಗುಂಪಿನವರು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಅವರು ಮತ್ತು ಜೇನುಕುರುಬರು ಮಾತ್ರ. 2023ರ ನವೆಂಬರ್ 15ರಂದು ಆರಂಭವಾದ ಪಿಎಂ-ಜನಮನ್ ಯೋಜನೆಯಲ್ಲಿ ಮನೆ, ನೀರು, ಸಂಚಾರಿ ಆರೋಗ್ಯ ಘಟಕ ಕೇಳಲು ಅವರಿಗೆ ಹಕ್ಕಿದೆ. ಅರ್ಜಿಯ ಜೊತೆ ನಿಮ್ಮ ಮನೆಪಟ್ಟಿಯ ಸಂಖ್ಯೆ ಇದ್ದರೆ ಕಚೇರಿ ಅದನ್ನು ಪಕ್ಕಕ್ಕಿಡುವುದು ಕಷ್ಟ.

ಕೊನೆಯದಾಗಿ, ಸಮುದಾಯ ಬರೆದಿರುವ ಆರೋಗ್ಯದ ಪಟ್ಟಿ ಕೈತಪ್ಪಿದರೆ ಅಪಾಯ. ಅದನ್ನು ಪಂಚಾಯತ್‌ನ ಗೋಡೆಗೆ ಹಚ್ಚಬೇಡಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಒಂದೇ ಪ್ರತಿ ಇರಲಿ, ಅದು ಆರೋಗ್ಯ ಕೇಂದ್ರದ ಸಿಸ್ಟರ್ ಬಳಿ ಬೀಗದೊಳಗೆ ಇರಲಿ. ಗ್ರಾಮಸಭೆಗೆ ಹೆಸರಿಲ್ಲದ ಅಂಕಿ ಮಾತ್ರ ಹೋಗಲಿ. ಐವರಿಗಿಂತ ಕಡಿಮೆ ಇರುವಲ್ಲಿ ಅಂಕಿಯೂ ಬೇಡ, ಏಕೆಂದರೆ ಚಿಕ್ಕ ಊರಿನಲ್ಲಿ "ಇಬ್ಬರಿಗೆ ಕ್ಷಯ" ಎಂದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಗ್ರಾಮಸಭೆಗೆ ಒಂದು ವಾರ ಮೊದಲು ಅದೇ ಅಂಕಿಗಳನ್ನು ಕಾಲನಿಗೆ ತೆಗೆದುಕೊಂಡು ಹೋಗಿ, ಕೆಲಸ ಮುಗಿಸಿ ಬರುವ ಸಂಜೆಯ ಹೊತ್ತಿಗೆ, ಅಲ್ಲಿನವರ ಮುಂದೆ ಮೊದಲು ಓದಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಯಾವುದನ್ನು ಸಭೆಯಲ್ಲಿ ಹೇಳಬಾರದು ಎಂಬುದನ್ನೂ ಅವರೇ ಹೇಳಲಿ.